ಬಿಜಲಿಗೆ ಇಲ್ಲದ ಕುಂದು

ಪುಂಜಾಲಕಟ್ಟೆಯಲ್ಲಿ ಗಲ್ಫಿನಿಂದ ವಾಪಸಾದವರು ಬೇಕಾದಷ್ಟು ಜನ ಇದ್ದಾರೆ. ಒಬ್ಬ ಬೇಕರಿ ಹಾಕಿದ, ಒಬ್ಬ ಟೈಲ್ಸ್ ಅಂಗಡಿ ಇಟ್ಟ, ಇನ್ನೊಬ್ಬ ಏನೂ ಮಾಡದೆ ಬಿಳಿ ಅಂಗಿ ತೊಟ್ಟು ಜಂಕ್ಷನ್ನಿನಲ್ಲಿ ನಿಂತು ಊರವರ ಪಂಚಾಯಿತಿಕೆ ಮಾಡುತ್ತಾನೆ. ಬದ್ರುದ್ದೀನ ಇವರಲ್ಲಿ ಯಾರ ಹಾಗೂ ಅಲ್ಲ. ಅವನು ವಾಪಸು ಬಂದದ್ದೇ ಊರಿಗೆ ಸರಿಯಾಗಿ ತಿಳಿಯಲಿಲ್ಲ. ನಾನು ಮೀನು ತರಲು ಹೋದಾಗ ಅವನು ಚೀಲ ಹಿಡಿದು ಎಲ್ಲರ ಹಿಂದೆ ನಿಂತಿದ್ದ.

"ಯಾವಾಗ ಬಂದದ್ದು ಮಾರಾಯ? ಎಷ್ಟು ದಿನ ರಜೆ?" ಎಂದು ಕೇಳಿದೆ.

"ಇನ್ನು ಹೋಗ್ಲಿಕ್ಕಿಲ್ಲ ಶೀನ" ಎಂದ.

ಶೀನ ಅಂದರೆ ನಾನು, ಶೀನಪ್ಪ. ಮೂಡುಬಿದಿರೆ-ಬೆಳ್ತಂಗಡಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವ. ಈಗ ಮೊಣಕಾಲು ಕೈಕೊಟ್ಟು ಮನೆಯಲ್ಲಿದ್ದೇನೆ. ಬದ್ರುದ್ದೀನ ಮತ್ತು ನಾನು ಒಂದೇ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಒಂದೇ ಮಾಸ್ಟ್ರಿಂದ ಪೆಟ್ಟು ತಿಂದವರು. ಹಾಗಾಗಿ ಅವನು ಅಲ್ಲಿ ಏನು ಕೆಲಸ ಮಾಡುತ್ತಿದ್ದ ಎಂಬುದು ಊರಿನಲ್ಲಿ ನನಗೊಬ್ಬನಿಗೆ ನೆಟ್ಟಗೆ ಗೊತ್ತಿತ್ತು. ಶಾರ್ಜಾದ ಹೊರಗೆ ಒಬ್ಬ ಅರಬನ ಕುದುರೆ ಲಾಯ. ಇವನಿಗೆ ಅಲ್ಲಿ ಗಬ್ಬದ ಕುದುರೆಗಳನ್ನು ನೋಡಿಕೊಳ್ಳುವ ಕೆಲಸ. ಮೂವತ್ತು ವರ್ಷದ ಹತ್ತಿರ ಅದನ್ನೇ ಮಾಡಿದ. ಆದರೆ ಅವನ ಹೆಂಡತಿ ಬೀಫಾತಿಮಾ ಯಾರಾದರೂ ಕೇಳಿದರೆ "ಕಂಪೆನಿಯಲ್ಲಿ" ಎನ್ನುತ್ತಿದ್ದಳು. ಯಾವ ಕಂಪೆನಿ ಎಂದು ಯಾರೂ ಕೇಳಲಿಲ್ಲ. ನಮ್ಮ ಕಡೆ ಅಷ್ಟು ಹೇಳಿದರೆ ಮದುವೆ ಸಂಬಂಧಕ್ಕೂ ಸಾಕಾಗುತ್ತದೆ.

ಕುದುರೆ ಹೆರುವ ದಿನ ಹತ್ತಿರ ಬಂದರೆ ಬದ್ರುದ್ದೀನ ಲಾಯದಲ್ಲೇ ಹುಲ್ಲಿನ ಮೇಲೆ ಮಲಗುತ್ತಿದ್ದನಂತೆ. ಎಷ್ಟೋ ಮರಿಗಳು ಅವನ ಮಡಿಲಿಗೇ ಬಿದ್ದಿದ್ದವು. ಮೂಗಿನ ಲೋಳೆ ಒರೆಸಿ, ಮೈ ಉಜ್ಜಿ, ತಾಯಿಯ ಕೆಚ್ಚಲು ತೋರಿಸಿಕೊಟ್ಟು ಅವನು ನಿಂತಿರುವಾಗ ಅರ್ಬಾಬ್ ಗಾಡಿಯಲ್ಲಿ ಬರುತ್ತಿದ್ದ. ಅರ್ಬಾಬ್ ಅಂದರೆ ಅಲ್ಲಿಯ ಭಾಷೆಯಲ್ಲಿ ಯಜಮಾನ. ಮನೆಯವರೆಲ್ಲ ಮರಿಯ ಜೊತೆ ಫೋಟೋ ತೆಗೆಸಿಕೊಳ್ಳುವಾಗ ಇವನಿಗೆ ಸ್ವಲ್ಪ ಆಚೆ ಸರಿದು ನಿಲ್ಲಲು ಹೇಳುತ್ತಿದ್ದರು. ಸರಿದು ನಿಲ್ಲುತ್ತಿದ್ದ. ಅವನ ಸ್ವಂತ ಮೂವರು ಮಕ್ಕಳು ಹುಟ್ಟಿದಾಗಲೂ ಅವನು ಆ ಲಾಯದಲ್ಲೇ ಇದ್ದ. ಇದನ್ನು ಹೇಳುವಾಗ ಅವನು ನಗುತ್ತಿದ್ದ. ನನಗೆ ಮಾತ್ರ ಯಾವತ್ತೂ ನಗು ಬರಲಿಲ್ಲ.

ಅವನಿಗೆ ಇದ್ದದ್ದು ಒಂದೇ ಆಸೆ. ಒಂದೇ ಒಂದು ಮರಿ ತನ್ನ ಹಟ್ಟಿಯಲ್ಲಿ, ತನ್ನದೇ ಕೊಟ್ಟಿಗೆಯಲ್ಲಿ ಹುಟ್ಟಬೇಕು. ಅದು ಎದ್ದು ನಿಂತಾಗ ಯಾರೂ ಗಾಡಿಯಲ್ಲಿ ಬರಬಾರದು.

ಈ ಆಸೆಯನ್ನು ಅವನು ಹೇಳಿದ್ದು ನನಗೆ. ಮುಂಡಾಜೆಯಲ್ಲಿ ಒಂದು ಗಬ್ಬದ ಕುದುರೆ ಮಾರಾಟಕ್ಕುಂಟು ಎಂದು ಅವನಿಗೆ ತಿಳಿಸಿದ್ದೂ ನಾನೇ.

ಆ ಕುದುರೆಯನ್ನು ನಾನು ಮೊದಲೇ ನೋಡಿದ್ದೆ. ಮೂಡುಬಿದಿರೆಯಲ್ಲಿ ಮದುವೆ ದಿಬ್ಬಣಕ್ಕೆ, ಕಾಲೇಜಿನ ಮಕ್ಕಳ ಮೆರವಣಿಗೆಗೆ ಕುದುರೆ ಕೊಡುವವರೊಬ್ಬರು ಸಾಕಿದ್ದು. ಹೆಸರು ಬಿಜಲಿ. ಹೆಸರಿಗೂ ಅದಕ್ಕೂ ಸಂಬಂಧವೇ ಇಲ್ಲ, ಅಷ್ಟು ಸಾಧು. ಬಸ್ ಸ್ಟ್ಯಾಂಡಿನ ಎದುರು ಹುಡುಗರು ಬ್ಯಾಂಡಿಗೆ ಕುಣಿಯುತ್ತ ರಸ್ತೆ ಬಂದ್ ಮಾಡಿದಾಗ, ನಮ್ಮ ಡ್ರೈವರ್ ಹಾರ್ನಿನ ಮೇಲೆ ಕೈಯಿಟ್ಟು ಕೂತರೂ ಅದು ಕಿವಿ ಅಲ್ಲಾಡಿಸದೆ ನಿಂತಿತ್ತು. ನಾನು ಇಳಿದು ಹೋಗಿ ಹುಡುಗರಿಗೆ ಬೈದಿದ್ದೆ. ಕುದುರೆಗೆ ಬೈಯಲು ಮನಸ್ಸಾಗಲಿಲ್ಲ.

ಅದನ್ನು ಅವರಿಂದ ಕೊಂಡವನು ಶೋಧನ್ ಶೆಟ್ಟಿ. ಮುಂಡಾಜೆಯಲ್ಲಿ ಚಾರ್ಮಾಡಿ ಘಾಟಿಗೆ ಹೋಗುವ ರಸ್ತೆಯ ಬದಿಯಲ್ಲಿ ಹೋಂಸ್ಟೇ ನಡೆಸುತ್ತಾನೆ. ಒಳ್ಳೆಯ ಹುಡುಗ. ಅವನ ಅಪ್ಪ ನನ್ನ ಬಸ್ಸಿನ ಖಾಯಂ ಗಿರಾಕಿ. ಬಂದ ಪ್ರವಾಸಿಗಳು ಹತ್ತಿ ಒಂದು ಸುತ್ತು ಹಾಕಲಿ, ಫೋಟೋ ತೆಗೆಯಲಿ ಎಂದು ಕುದುರೆ ತಂದಿದ್ದ. ತಂದು ಕೆಲವು ತಿಂಗಳಲ್ಲಿ ಅದರ ಹೊಟ್ಟೆ ಬೆಳೆಯಿತು. ತಿಂದು ಕೊಬ್ಬಿತು ಎಂದುಕೊಂಡು ಮೇವು ಕಡಿಮೆ ಮಾಡಿದರಂತೆ. ಕೊನೆಗೆ ಪಶುವೈದ್ಯರು ಬಂದು ಗಬ್ಬ ಎಂದರು. ಕುದುರೆಯ ಹೆರಿಗೆ ಮಾಡಿಸಿ ನನಗೆ ಅಭ್ಯಾಸವಿಲ್ಲ, ಗೊತ್ತಿರುವವರಿಗೆ ಕೊಟ್ಟರೆ ಒಳ್ಳೆಯದು ಎಂದೂ ಹೇಳಿ ಹೋದರು.

ನಾವಿಬ್ಬರು ಬಸ್ಸಿನಲ್ಲಿ ಹೋದೆವು. ಗುರುವಾಯನಕೆರೆ ದಾಟುವವರೆಗೂ ಬದ್ರುದ್ದೀನ ಒಂದು ಮಾತಾಡಲಿಲ್ಲ. ಅಲ್ಲಿಂದ ಮುಂದೆ ಬಾಯಿ ಮುಚ್ಚಲಿಲ್ಲ.

ಹೋಂಸ್ಟೇಯ ಹಿಂದೆ ಶೀಟು ಹಾಕಿದ ಶೆಡ್ಡಿನಲ್ಲಿ ಬಿಜಲಿ ನಿಂತಿತ್ತು. ಶೋಧನನ ಮಗಳು ಸಾತ್ವಿಕಾ, ಒಂದನೇ ಕ್ಲಾಸಿನ ಹುಡುಗಿ, ಅದಕ್ಕೆ ಕ್ಯಾರೆಟ್ ತಿನ್ನಿಸುತ್ತಿದ್ದಳು. ಬದ್ರುದ್ದೀನ ಕುದುರೆಯ ಹತ್ತಿರ ನೇರ ಹೋಗಲಿಲ್ಲ. ಪಕ್ಕದಲ್ಲಿ ನಿಂತು ಬೇರೆ ಕಡೆ ನೋಡಿದ. ಸ್ವಲ್ಪ ಹೊತ್ತಿಗೆ ಕುದುರೆಯೇ ತಲೆ ಚಾಚಿ ಅವನ ಅಂಗಿಯ ತೋಳು ಮೂಸಿತು. ಆಮೇಲೆ ಅವನು ಅದರ ಕುತ್ತಿಗೆ ಸವರಿ, ಬೆನ್ನು ಸವರಿ, ಹೊಟ್ಟೆಯ ಬದಿಗೆ ಅಂಗೈ ಇಟ್ಟು ನಿಂತ. ಒಳಗೆ ಮರಿ ಒದ್ದಿರಬೇಕು. ಅವನ ಮುಖ ನೋಡಿ ನನಗೆ ಸಂಕೋಚವಾಗಿ ತಲೆ ತಿರುಗಿಸಿಕೊಂಡೆ.

"ಏನು ಬದ್ರುದ್ದೀನಾಕ, ಹೇಗುಂಟು?" ಶೋಧನ್ ಕೇಳಿದ. ನಮ್ಮ ಕಡೆ ಹಿರಿಯ ಬ್ಯಾರಿ ಮುಸ್ಲಿಮರ ಹೆಸರಿಗೆ 'ಆಕ' ಸೇರಿಸಿ ಕರೆಯುವುದು ಮರ್ಯಾದೆ. "ಶೀನಪ್ಪಣ್ಣ ಹೇಳಿದ್ರು, ನೀವು ಅರಬರ ಲಾಯದಲ್ಲೇ ಇದ್ದವರಂತೆ. ನಮಗೆ ಇದೆಲ್ಲ ಎಂತದೂ ಗೊತ್ತಿಲ್ಲ. ನಿಮ್ಮಂಥವರ ಕೈಗೆ ಹೋದರೆ ನನಗೂ ಸಮಾಧಾನ."

ಬದ್ರುದ್ದೀನ "ನೋಡುವ" ಎಂದಷ್ಟೇ ಹೇಳಿದ.

ಮನೆಯಲ್ಲಿ ಬೀಫಾತಿಮಾ ಸುಲಭಕ್ಕೆ ಒಪ್ಪಲಿಲ್ಲ. ನಾನು ಚಹಾ ಕುಡಿಯುತ್ತ ಅಲ್ಲೇ ಕೂತಿದ್ದೆ. ಅವಳು ಅಡುಗೆಮನೆಯ ಬಾಗಿಲಲ್ಲಿ ನಿಂತು ಗಂಡನಿಗೆ ಹೇಳಬೇಕಾದದ್ದನ್ನೆಲ್ಲ ನನಗೆ ಹೇಳಿದಳು.

"ನೀವೇ ಹೇಳಿ ಶೀನಪ್ಪಣ್ಣ. ಅರವತ್ತು ಹತ್ತಿರ ಬಂತು. ಈಗ ಕುದುರೆ ಕಟ್ಟಿ ಇವರು ಎಲ್ಲಿಗೆ ಸವಾರಿ ಹೋಗುವುದು, ಸಂತೆಗಾ? ಮೂವತ್ತು ವರ್ಷ ಕುದುರೆಯ ಒಟ್ಟಿಗೆ ಇದ್ದದ್ದು ಸಾಲದಾ? ಇನ್ನಾದ್ರೂ ಮನುಷ್ಯರ ಒಟ್ಟಿಗೆ ಇರ್ಲಿ."

ಬದ್ರುದ್ದೀನ ಗೋಡೆ ನೋಡುತ್ತ, "ತಾಯಿ ಬೇಕಾದರೆ ಆಮೇಲೆ ಕೊಡುವ. ಮರಿ ಒಂದು ಹುಟ್ಟಲಿ" ಎಂದ.

"ಮರಿ ಹುಟ್ಟಿದ್ರೆ?"

"ಹುಟ್ಟುವಾಗ ನಾನು ಇರ್ತೇನೆ."

ಮೂರು ಬಾಣಂತನವನ್ನೂ ಗಂಡನಿಲ್ಲದೆ ಕಳೆದವಳು ಬೀಫಾತಿಮಾ. ಆ ಮಾತು ಅವಳಿಗೆ ಹೇಗೆ ತಾಗಿತೋ ನನಗೆ ಗೊತ್ತಿಲ್ಲ. ಮಾರನೆಯ ದಿನ ನಾನು ಆ ಕಡೆ ಹೋದಾಗ ಹಿತ್ತಿಲಿನ ಕಟ್ಟಿಗೆ ಕೊಟ್ಟಿಗೆಯಿಂದ ಸೌದೆಯನ್ನೆಲ್ಲ ಅವಳೇ ಹೊರಗೆ ಎಸೆಯುತ್ತಿದ್ದಳು. "ಕುದುರೆಗೆ ಗಾಳಿ ಬೇಕಂತೆ, ಕಿಟಕಿ ತೆಗೆಸಬೇಕಂತೆ. ನನಗೆ ಅಡುಗೆಮನೆಗೆ ಒಂದು ಕಿಟಕಿ ಬೇಕು ಅಂತ ಹೇಳಿ ಎಷ್ಟು ವರ್ಷ ಆಯ್ತು ಕೇಳಿ" ಎಂದು ಗೊಣಗುತ್ತಿದ್ದಳು. ಗೊಣಗುವಾಗ ಮುಖದಲ್ಲಿ ಸಿಟ್ಟಿರಲಿಲ್ಲ.

ಹಾಗೆ ತೀರ್ಮಾನವಾಯಿತು. ತೀರ್ಮಾನವಾದ ಮೇಲೆ ನೇರ ಹೋಗಿ ಕೊಂಡು ತಂದಿದ್ದರೆ ನಾನು ಇದನ್ನೆಲ್ಲ ಬರೆಯುವ ಪ್ರಮೇಯವೇ ಇರಲಿಲ್ಲ. ಆದರೆ ನಡುವೆ ನಿಝಾರ್ ಬಂದ.

ನಿಝಾರ್ ಬೀಫಾತಿಮಾಳ ತಮ್ಮ. ಬಂಟ್ವಾಳದಲ್ಲಿ ಆಡಿನ ವ್ಯಾಪಾರ. ಅವನು ಒಂದು ಆಡನ್ನು ದಿಟ್ಟಿಸಿದರೆ ಆ ಆಡಿಗೇ ತನ್ನ ಮೇಲೆ ಸಂಶಯ ಬರಬೇಕು, ಅಂಥ ವ್ಯಾಪಾರಿ. ಭಾವ ಕುದುರೆ ಕೊಳ್ಳುತ್ತಾನೆ ಎಂದು ತಿಳಿದು ಓಡಿ ಬಂದ.

"ಭಾವ, ನೀವು ಹೀಗೆ ಬಾಯಿಬಿಟ್ಟುಕೊಂಡು ಹೋದ್ರೆ ಅವನು ನಿಮ್ಮನ್ನು ಸುಲಿದು ಬಿಡ್ತಾನೆ. ಗಲ್ಫಿನವರು ಅಂತ ಬೇರೆ ಗೊತ್ತುಂಟು. ಮೊದಲು ಹೋಗಿ ಒಂದು ಕುಂದು ಹೇಳಿ ಬನ್ನಿ."

"ಅದಕ್ಕೆ ಕುಂದೇ ಇಲ್ಲ ನಿಝಾರ್."

"ಇಲ್ಲದ್ದನ್ನೇ ಹೇಳುವುದು ಭಾವ! ಇರುವ ಕುಂದು ಮಾರುವವನಿಗೇ ಗೊತ್ತಿರ್ತದಲ್ಲ. ಹೇಳಿ ಬಂದು ಸುಮ್ಮನೆ ಕೂತುಕೊಳ್ಳಿ. ಫೋನ್ ಅವನೇ ಮಾಡಬೇಕು. ನೀವು ಮಾಡಿದ್ರೆ ಮುಗೀತು."

ನಿಝಾರ್ ಹೇಳಿದ್ದು ಹೊಸ ವಿಷಯವೇನೂ ಅಲ್ಲ. ನಮ್ಮಲ್ಲಿ ದನ, ಆಡು, ಕೋಳಿ ಯಾವುದನ್ನು ಕೊಳ್ಳುವುದಿದ್ದರೂ ಮೊದಲು ಒಂದು ಕುಂದು ಹೇಳುವುದು ಕ್ರಮ. ನಾನು ದನ ಕೊಳ್ಳಲು ಹೋದಾಗ "ಇದರ ಕೊಂಬು ಒಂದು ಮೇಲೆ ಒಂದು ಕೆಳಗೆ" ಎಂದಿದ್ದೆ. ಮಾರುವವನು ನನ್ನನ್ನು ಮೇಲಿಂದ ಕೆಳಗೆ ನೋಡಿ "ನಿಮ್ಮ ಮೂಗು ನೆಟ್ಟಗುಂಟಾ?" ಎಂದ. ಇಬ್ಬರೂ ನಕ್ಕು ವ್ಯಾಪಾರಕ್ಕೆ ಕೂತೆವು. ಕುಂದು ಹೇಳುವವನಿಗೂ ಕೇಳುವವನಿಗೂ ಅದು ಸುಳ್ಳೆಂದು ಗೊತ್ತಿರುತ್ತದೆ. ಒಬ್ಬರ ಮನೆಗೆ ಹೋದಾಗ "ಊಟ ಆಯ್ತಾ" ಎಂದು ಕೇಳಿದಷ್ಟೇ ಅದರ ತೂಕ.

ಬದ್ರುದ್ದೀನನಿಗೆ ಅದು ಇಷ್ಟವಿರಲಿಲ್ಲ. ಆದರೆ ಅವನು ಊರಿನ ವ್ಯಾಪಾರ ಮಾಡಿದವನಲ್ಲ. ಅಲ್ಲಿ ಅರ್ಬಾಬ್ ಹೇಳಿದ್ದು ಕೇಳಿದ, ಇಲ್ಲಿ ರಜೆಯಲ್ಲಿ ಬಂದಾಗ ಮನೆಯವರು ಹೇಳಿದ್ದು ಕೇಳಿದ. ಸ್ವಂತಕ್ಕೆ ಒಂದು ಕೋಳಿಯನ್ನೂ ಕೊಂಡ ಅಭ್ಯಾಸವಿಲ್ಲದ ಮನುಷ್ಯ, ನಿಝಾರನಿಗೆ ಗೊತ್ತಿರಬೇಕು ಎಂದುಕೊಂಡ. ನಾವು ಮತ್ತೆ ಮುಂಡಾಜೆಗೆ ಹೋದೆವು.

ಈ ಸಲ ಬಿಜಲಿ ಇವನನ್ನು ಕಂಡದ್ದೇ ಶೆಡ್ಡಿನೊಳಗಿಂದ ಸದ್ದು ಮಾಡಿತು. ಬದ್ರುದ್ದೀನ ಅದರ ಹೊಟ್ಟೆಯ ಮೇಲೆ ಕೈಯಿಟ್ಟ. ಶೋಧನ್ ಕಾಯುತ್ತಿದ್ದ. ಹುಡುಗಿಯೂ ಅಲ್ಲೇ ನಿಂತಿದ್ದಳು. ಬದ್ರುದ್ದೀನ ಗಂಟಲು ಸರಿಮಾಡಿಕೊಂಡು, ನೆಲ ನೋಡಿಕೊಂಡು, ಶಾಲೆಯಲ್ಲಿ ಪಾಠ ಒಪ್ಪಿಸುವ ಹಾಗೆ ಹೇಳಿದ:

"ಮರಿ ಅಡ್ಡ ಉಂಟು. ಹೆರುವುದು ಕಷ್ಟ. ತಾಯಿಗೂ ಕಷ್ಟವೇ."

ನಾನು ಶೋಧನನ ಉತ್ತರಕ್ಕೆ ಕಾದೆ. ಹಾಗಾದರೆ ನಿಮಗೆ ಬೇಡ ಬಿಡಿ ಎನ್ನಬೇಕಿತ್ತು. ಇಲ್ಲವೇ ನಿಮ್ಮ ಕಣ್ಣಿಗೆ ಎಕ್ಸ್‌ರೇ ಉಂಟಾ ಎಂದು ನಗಬೇಕಿತ್ತು. ಆದರೆ ಅವನ ಮುಖ ಬಿಳುಚಿಕೊಂಡಿತು. ಮಗಳನ್ನು ಒಳಗೆ ಹೋಗು ಎಂದು ಕಳಿಸಿದ. ಆಮೇಲೆ ಮೆಲ್ಲಗೆ "ಹೌದಾ?" ಎಂದ.

"ನೋಡುವ, ಯೋಚನೆ ಮಾಡಿ ಹೇಳ್ತೇನೆ" ಎಂದು ಬದ್ರುದ್ದೀನ ನಿಝಾರ್ ಕಲಿಸಿದ್ದ ಮಾತನ್ನು ಮುಗಿಸಿ ಹೊರಟ.

ವಾಪಸು ಬರುವಾಗ ಬಸ್ಸಿನಲ್ಲಿ ಅವನು ಕಿಟಕಿಯ ಸರಳು ಹಿಡಿದು ಕೂತಿದ್ದ. ಉಜಿರೆಯ ಹತ್ತಿರ ಬಂದಾಗ ನನ್ನ ಕಡೆ ತಿರುಗಿದ.

"ಹುಟ್ಟುವ ಗಳಿಗೆಯವರೆಗೆ ಮರಿ ಒಳಗೆ ತಿರುಗ್ತಾ ಇರ್ತದೆ ಶೀನ. ಅಡ್ಡವೋ ಉದ್ದವೋ ಈಗಲೇ ಯಾರಿಗೂ ಹೇಳ್ಲಿಕ್ಕೆ ಆಗುವುದಿಲ್ಲ. ಕುದುರೆ ಸಾಕಿದ ಯಾರು ಕೇಳಿದ್ರೂ ನಗಬೇಕು. ಅದಕ್ಕೇ ಅದನ್ನು ಹೇಳಿದ್ದು. ಕಾಲು ಕುಂಟು ಅಂತ ಹೇಳಿದ್ರೆ ಅವನು ನಂಬಿಯಾನು ಅಂತ ಹೆದರಿಕೆ ಆಯ್ತು."

ನೋಡಿ ಇವನ ಬುದ್ಧಿ. ನಂಬಲಾಗದ ಸುಳ್ಳನ್ನು ಹುಡುಕಿ ಹೇಳಿದ್ದ. ಆದರೆ ಶೋಧನ್ ಕುದುರೆ ಸಾಕಿದವನಲ್ಲ, ಕುದುರೆ ಕಟ್ಟಿಹಾಕಿದವನು. ಜೀವಮಾನದಲ್ಲಿ ಒಂದು ಪ್ರಾಣಿಯನ್ನು ಮಾರಿದವನೂ ಅಲ್ಲ. ಕುಂದು ಹೇಳುವ ಆಟವೊಂದಿದೆ ಎಂಬುದೇ ಅವನಿಗೆ ಗೊತ್ತಿರಲಿಲ್ಲ. ಅವನ ಮಟ್ಟಿಗೆ, ಅರಬರ ಲಾಯದಲ್ಲಿ ಹಣ್ಣಾದ ಮನುಷ್ಯನೊಬ್ಬ ಕೈಯಿಟ್ಟು ನೋಡಿ ತಾಯಿ ಸಾಯುತ್ತದೆ ಎಂದು ಹೇಳಿ ಹೋಗಿದ್ದ. ಬದ್ರುದ್ದೀನನ ಮಾತನ್ನು ಅದುವರೆಗೆ ಯಾರೂ ಅಷ್ಟು ದೊಡ್ಡದಾಗಿ ತೆಗೆದುಕೊಂಡದ್ದಿಲ್ಲ. ತನ್ನ ಮಾತಿಗೆ ಅಂಥ ಬೆಲೆ ಬರಬಹುದು ಎಂದು ಅವನಿಗೆ ಹೊಳೆಯಲೇ ಇಲ್ಲ.

ಅವನು ಫೋನಿಗೆ ಕಾದ. ಕೊಟ್ಟಿಗೆಗೆ ಕಿಟಕಿ ಬಂತು. ನೆಲಕ್ಕೆ ಮರಳು ಹಾಸಿದ. ಗೋಡೆಯಲ್ಲಿ ಹೊರಗೆ ಬಂದಿದ್ದ ಮೊಳೆಗಳನ್ನೆಲ್ಲ ಕಿತ್ತ. ಮರಿಯ ಮೈಗೆ ತಾಗಬಾರದಂತೆ. ಬೀಫಾತಿಮಾ ಹಳೆಯ ಬೆಡ್‌ಶೀಟು, ಟವೆಲುಗಳನ್ನು ಒಗೆದು ಒಂದು ಗಂಟು ಕಟ್ಟಿಟ್ಟಿದ್ದಳು. ಹೆರಿಗೆಗೆ ಬೇಕಾಗುತ್ತದೆ ಎಂದು ಅವನು ಹೇಳಿದ್ದನಂತೆ. ಗಂಡ ಹೆಂಡತಿ ಕೂತು ಒಂದು ಕೆಲಸದ ಬಗ್ಗೆ ಅಷ್ಟು ಹೊತ್ತು ಮಾತಾಡುವುದನ್ನು ನಾನು ಆ ಮನೆಯಲ್ಲಿ ನೋಡಿದ್ದು ಅದೇ ಮೊದಲು.

ಫೋನು ಬರಲಿಲ್ಲ. "ಫೋನ್ ಮಾಡಿ ಕೇಳು ಮಾರಾಯ" ಎಂದು ನಾನು ಹೇಳಿದೆ. ಅವನಿಗೂ ಮನಸ್ಸಿತ್ತು. ನಿಝಾರ್ ಬಿಡಲಿಲ್ಲ. "ಈಗ ಮಾಡಿದ್ರೆ ಇಷ್ಟು ದಿನ ಕಾದದ್ದು ದಂಡ. ಅವನೂ ಆಡ್ತಾ ಇದ್ದಾನೆ, ಗೊತ್ತಾಗುವುದಿಲ್ವಾ?" ಎಂದ. ಆ ಮನುಷ್ಯನನ್ನು ನೆನೆದರೆ ಈಗಲೂ ನನ್ನ ರಕ್ತ ಕುದಿಯುತ್ತದೆ. ಆದರೆ ಅವನ ತಪ್ಪೆಂದು ಪೂರ್ತಿ ಹೇಳುವಂತೆಯೂ ಇಲ್ಲ. ಎದುರಿಗೆ ಇನ್ನೊಬ್ಬ ನಿಝಾರ್ ಇದ್ದಿದ್ದರೆ ಎಲ್ಲವೂ ಅವನು ಹೇಳಿದ ಹಾಗೆಯೇ ಆಗುತ್ತಿತ್ತು.

ಕೊನೆಗೆ ಬದ್ರುದ್ದೀನನಿಗೆ ತಡೆಯಲಾಗಲಿಲ್ಲ. ಕಕ್ಕಿಂಜೆಯಲ್ಲಿ ಯಾರನ್ನೋ ನೋಡಲಿಕ್ಕುಂಟು, ದಾರಿಯಲ್ಲಿ ಹಾಗೇ ಇಳಿಯುವ ಎಂದು ನೆವ ಹೇಳಿ ನನ್ನನ್ನು ಹೊರಡಿಸಿದ. ಕಕ್ಕಿಂಜೆಯಲ್ಲಿ ಅವನಿಗೆ ಯಾರೂ ಇಲ್ಲವೆಂದು ನನಗೆ ಗೊತ್ತು. ಟಿಕೆಟ್ ತೆಗೆಯದವರನ್ನು ಮುಖ ನೋಡಿಯೇ ಹಿಡಿದು ಹೊಟ್ಟೆ ಹೊರೆದವನು ನಾನು.

ಶೆಡ್ಡು ಖಾಲಿಯಿತ್ತು. ನೆಲ ಗುಡಿಸಿ ಎರಡು ಬೈಕು ನಿಲ್ಲಿಸಿದ್ದರು.

ಶೋಧನ್ ನಮ್ಮನ್ನು ಕಂಡು ಓಡಿಯೇ ಬಂದ. ಬದ್ರುದ್ದೀನನ ಎರಡೂ ಕೈ ಹಿಡಿದುಕೊಂಡ.

"ಬದ್ರುದ್ದೀನಾಕ, ನಿಮಗೆ ಫೋನ್ ಮಾಡಬೇಕು ಅಂತ ದಿನಾ ಎಣಿಸ್ತೇನೆ. ನೀವು ನನಗೆ ದೊಡ್ಡ ಉಪಕಾರ ಮಾಡಿದ್ರಿ. ಬೇರೆಯವರಾದ್ರೆ ಕುದುರೆ ಬೇಡ ಅಂತ ಹೇಳಿ ಸುಮ್ಮನೆ ಹೋಗ್ತಿದ್ರು. ನೀವು ಇದ್ದದ್ದು ಇದ್ದ ಹಾಗೆ ಹೇಳಿದ್ರಿ."

"ಕುದುರೆ?" ಎಂದ ಬದ್ರುದ್ದೀನ.

"ಕೊಟ್ಟೆ. ನೀವು ಹೋದ ಮಾರನೇ ದಿನವೇ. ಮೂಡಿಗೆರೆ ಕಡೆಯವರೊಬ್ಬರು, ಮದುವೆಗೆ ಕುದುರೆ ಕೊಡುವವರು, ಮೊದಲೇ ಕೇಳಿದ್ರು. ನಾನು ರೇಟು ಕೂಡ ಮಾತಾಡಲಿಲ್ಲ, ತಗೊಂಡು ಹೋಗಿ ಅಂದೆ. ಸಾತ್ವಿಕಾ ಎರಡು ದಿನ ಊಟ ಮಾಡ್ಲಿಲ್ಲ. ಆದ್ರೆ ಮಗುವಿನ ಕಣ್ಣೆದುರೇ ಕುದುರೆ ಸಾಯುವುದಕ್ಕಿಂತ ಇದು ಒಳ್ಳೇದಲ್ವಾ?"

ಬದ್ರುದ್ದೀನ ಕೈ ಬಿಡಿಸಿಕೊಳ್ಳಲಿಲ್ಲ. "ಘಾಟಿಯಲ್ಲಿ ಕೊಂಡುಹೋದ್ರಾ? ಹೇಗೆ?"

"ಪಿಕಪ್‌ನಲ್ಲಿ."

"ಕೆಳಗೆ ಮಣ್ಣು ಹಾಕಿದ್ರಾ? ಜಾರದ ಹಾಗೆ? ಹಗ್ಗ ಎಷ್ಟು ಬಿಟ್ಟಿದ್ರು? ಮೆಲ್ಲ ಹೋಗ್ಲಿಕ್ಕೆ ಹೇಳಿದ್ರಾ?"

ಶೋಧನ್ ಅದನ್ನೆಲ್ಲ ನೋಡಿರಲಿಲ್ಲ. ಮಗಳು ಅಳುತ್ತಿದ್ದಳು, ಅವಳನ್ನು ಎತ್ತಿಕೊಂಡು ಒಳಗೆ ಹೋಗಿದ್ದನಂತೆ. ಅವನ ಹೆಂಡತಿ ಪುನರ್ಪುಳಿ ಶರಬತ್ತು ತಂದುಕೊಟ್ಟಳು. ಹೊರಡುವಾಗ ಶೋಧನ್ ಒಂದು ಬಾಟಲಿ ಜೇನು ತಂದು, ಬೇಡ ಬೇಡವೆಂದರೂ ಕೇಳದೆ, ಬದ್ರುದ್ದೀನನ ಚೀಲಕ್ಕೆ ತಾನೇ ಹಾಕಿದ. ಆ ಹುಡುಗನ ಮುಖದಲ್ಲಿ ಇದ್ದದ್ದು ಶುದ್ಧ ಕೃತಜ್ಞತೆ. ಅದನ್ನು ಎದುರಿಸಿ ನಿಲ್ಲುವುದಕ್ಕಿಂತ ಬೈಸಿಕೊಳ್ಳುವುದು ಸಾವಿರ ಪಾಲು ಸುಲಭ.

ರಸ್ತೆಗೆ ಬಂದ ಮೇಲೆ ನಾನು ತಡೆದುಕೊಳ್ಳಲಿಲ್ಲ. "ವಾಪಸು ಹೋಗಿ ನಿಜ ಹೇಳು. ಕೊಂಡವರ ನಂಬರ್ ತೆಗೆದುಕೊಳ್ಳುವ. ಒಂದಷ್ಟು ಹೆಚ್ಚಿಗೆ ಕೊಟ್ಟರೆ ಬಿಟ್ಟುಕೊಟ್ಟಾರು."

"ಇನ್ನೊಮ್ಮೆ ಆ ಘಾಟಿ ಇಳಿಸುವುದಾ? ಈ ಹೊಟ್ಟೆಯಲ್ಲಿ?" ಎಂದ. ಪುಂಜಾಲಕಟ್ಟೆಯಲ್ಲಿ ಇಳಿಯುವಾಗ ಜೇನಿನ ಬಾಟಲಿಯನ್ನು ಸೀಟಿನ ಕೆಳಗೆ ಬಿಟ್ಟಿದ್ದ. ನಾನು ನೋಡಿದೆ, ಎತ್ತಿಕೊಳ್ಳಲಿಲ್ಲ.

ಆ ದಿನಗಳಲ್ಲಿ ಅವನ ಜೊತೆ ಕೂರುವುದೇ ಕಷ್ಟವಾಗಿತ್ತು. ಕುದುರೆ ಕೈತಪ್ಪಿತು ಎಂಬ ದುಃಖಕ್ಕಿಂತ ಅವನನ್ನು ತಿಂದದ್ದು ಆ ಪಿಕಪ್. ಚಾರ್ಮಾಡಿಯ ತಿರುವುಗಳಲ್ಲಿ ಗಬ್ಬದ ಕುದುರೆ ನಾಲ್ಕು ಕಾಲು ಅಗಲಿಸಿ ನಿಂತಿರುವುದು ಅವನ ಕಣ್ಣಿಗೆ ಕಟ್ಟಿತ್ತು. ಒಂದು ತಿರುವಿನಲ್ಲಿ ಬಿದ್ದರೂ ಮರಿ ಹೋಗುತ್ತದೆ ಎಂದು ಹೇಳುತ್ತಿದ್ದ. "ನಾನು ಹೇಳಿದ ಸುಳ್ಳೇ ಅದನ್ನು ಗಾಡಿಗೆ ಹತ್ತಿಸಿದ್ದು" ಎಂದೂ ಹೇಳಿದ. ಇಲ್ಲ ಮಾರಾಯ ಎಂದು ಸಮಾಧಾನ ಹೇಳಬಹುದಿತ್ತು. ಆದರೆ ಅವನು ಹೇಳಿದ್ದು ನಿಜವೇ ಆಗಿತ್ತು. ಬೀಫಾತಿಮಾ ತಮ್ಮನನ್ನು ಮನೆಗೆ ಕರೆಯುವುದನ್ನು ನಿಲ್ಲಿಸಿದಳು. ಗಂಡನಿಗೆ ಒಂದು ಮಾತೂ ಅನ್ನಲಿಲ್ಲ. ಮರಳು ಹಾಸಿದ ಕೊಟ್ಟಿಗೆಗೆ ಸೌದೆಯನ್ನು ವಾಪಸು ತುಂಬಿಸಲು ಇಬ್ಬರಿಗೂ ಮನಸ್ಸು ಬರಲಿಲ್ಲ, ಅಂಗಳದಲ್ಲೇ ಒದ್ದೆಯಾಯಿತು.

ಮೊದಲ ಮಳೆ ಬಿದ್ದ ಮೇಲೆ ಒಂದು ಬೆಳಿಗ್ಗೆ ನಾನು ಅವನ ಚಾವಡಿಯಲ್ಲಿ ಕೂತಿದ್ದಾಗ ಅವನ ಫೋನಿಗೆ ಒಂದು ವಿಡಿಯೋ ಬಂತು. ಶೋಧನ್ ಕಳಿಸಿದ್ದು. ಕೆಂಪು ಮಣ್ಣಿನ ಅಂಗಳ, ಬಿಜಲಿ ನಿಂತಿದೆ, ಅದರ ಹೊಟ್ಟೆಯ ಅಡಿಯಲ್ಲಿ ಉದ್ದ ಕಾಲಿನ ಕಂದು ಮರಿಯೊಂದು ಕೆಚ್ಚಲು ಹುಡುಕುತ್ತಿದೆ. ಯಾರೋ ನಗುತ್ತಿದ್ದಾರೆ. ಬದ್ರುದ್ದೀನ "ಯಾ ಅಲ್ಲಾ" ಎಂದು ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ನೋಡುತ್ತಿದ್ದಂತೆ ಅವನ ಕಣ್ಣಿಂದ ನೀರು ಇಳಿಯಿತು. ಅಷ್ಟು ದಿನಗಳ ಭಾರ ಇಳಿಯಿತೆಂದು ನನಗೂ ಸಂತೋಷವಾಯಿತು.

ಅಷ್ಟರಲ್ಲಿ ಶೋಧನನ ಫೋನು ಬಂತು. ಬದ್ರುದ್ದೀನ ಸ್ಪೀಕರ್ ಒತ್ತಿದ.

"ಬದ್ರುದ್ದೀನಾಕ, ವಿಡಿಯೋ ನೋಡಿದ್ರಾ? ಯಾವ ತೊಂದರೆಯೂ ಇಲ್ಲದೆ ಹೆತ್ತಿತಂತೆ. ಯಾರೂ ಹತ್ತಿರವೇ ಇರ್ಲಿಲ್ಲವಂತೆ." ಅವನ ದನಿಯಲ್ಲಿ ಈಗ ಆ ಮರ್ಯಾದೆ ಇರಲಿಲ್ಲ. "ನಿಮ್ಮ ಮಾತು ನಂಬಿ ನಾನು ಚಿಲ್ಲರೆಗೆ ಕೊಟ್ಟುಬಿಟ್ಟೆ. ಮಗಳು ದಿನಾ ಕೇಳ್ತಾಳೆ, ಅಪ್ಪ ಯಾಕೆ ಕೊಟ್ಟದ್ದು ಅಂತ. ಒಂದು ಕೇಳ್ತೇನೆ, ಬೇಜಾರು ಮಾಡಬೇಡಿ. ನಿಮಗೆ ಕುದುರೆಯ ವಿಷಯ ನಿಜವಾಗ್ಲೂ ಗೊತ್ತುಂಟಾ? ಇಲ್ಲ, ಬೇಕು ಅಂತಲೇ ಸುಳ್ಳು ಹೇಳಿದ್ದಾ?"

ನಾನು ಬದ್ರುದ್ದೀನನ ತೊಡೆ ತಟ್ಟಿದೆ. ಹೇಳು, ವ್ಯಾಪಾರದ ಮಾತು ಹಾಗೆ ಹೇಳಿದೆ, ನಂಬ್ತೀರಿ ಅಂತ ಗೊತ್ತಿರಲಿಲ್ಲ ಅಂತ ಹೇಳು ಎಂದು ಸನ್ನೆ ಮಾಡಿದೆ. ಅವನು ನನ್ನನ್ನು ನೋಡಲಿಲ್ಲ.

"ಗೊತ್ತಿಲ್ಲ ಶೋಧನ್" ಎಂದ. "ಅಲ್ಲಿ ನೋಡಿ ಹೇಳುವವರು ಬೇರೆಯೇ ಇದ್ರು. ನಾನು ನೀರು ಕೊಡುವವ. ನನಗೆ ಅಷ್ಟೆಲ್ಲ ತಿಳಿಯುವುದಿಲ್ಲ. ನೀವು ಕೇಳಿದ್ರಿ ಅಂತ ಏನೋ ಹೇಳಿಬಿಟ್ಟೆ."

"ಹಾಗಾದ್ರೆ ಹೇಳಬಾರದಿತ್ತು" ಎಂದು ಶೋಧನ್ ಫೋನಿಟ್ಟ.

ನನಗೆ ಸಿಟ್ಟು ನೆತ್ತಿಗೇರಿತು. "ಯಾಕೆ ಹಾಗೆ ಹೇಳಿದೆ? ನಿನಗೆ ಇದ್ದದ್ದು ಅದೊಂದು ವಿದ್ಯೆ!"

"ಮಗುವಿಗೆ ಅವನು ಎಂತ ಹೇಳುವುದು ಶೀನ? ಅಜ್ಜ ಸುಳ್ಳು ಹೇಳಿ ನಿನ್ನ ಕುದುರೆಯನ್ನು ಕಳಿಸಿದ್ದು ಅಂತ ಹೇಳುವುದಾ? ಅಜ್ಜನಿಗೆ ಗೊತ್ತಾಗಲಿಲ್ಲ ಅಂತ ಹೇಳಲಿ."

ಅವನು ವಿಡಿಯೋವನ್ನು ಮತ್ತೆ ಹಾಕಿದ. ಮತ್ತೊಮ್ಮೆ ಹಾಕಿದ. ಈ ಸಲ ಅವನ ಹುಬ್ಬು ಗಂಟಾಯಿತು. ಫೋನನ್ನು ಕಣ್ಣಿನ ಹತ್ತಿರ ತಂದು, "ಹಿಂದಿನ ಕಾಲು ನೋಡು" ಎಂದ. ನನಗೆ ಏನೂ ಕಾಣಲಿಲ್ಲ. "ಗೊರಸಿನ ಮೇಲಿನ ಗಂಟು ನೆಲಕ್ಕೆ ತಾಗ್ತಾ ಉಂಟು. ನರ ಇನ್ನೂ ಸಡಿಲ. ಹೆದರುವಂಥದ್ದಲ್ಲ, ತನ್ನಿಂದ ತಾನೇ ಬಿಗಿಯಾಗ್ತದೆ. ಆದ್ರೆ ಈಗ ಬಯಲಿಗೆ ಬಿಟ್ಟು ಓಡಿಸಬಾರದು. ಸಣ್ಣ ಜಾಗದಲ್ಲಿ ತಾಯಿಯ ಒಟ್ಟಿಗೆ ಇರಬೇಕು. ಇವರು ನೋಡಿದ್ರೆ ದೊಡ್ಡ ಅಂಗಳದಲ್ಲಿ ಬಿಟ್ಟಿದ್ದಾರೆ. ಯಾರಾದ್ರೂ ಹೇಳಬೇಕಲ್ಲ."

"ಫೋನ್ ಮಾಡಿ ಹೇಳು."

"ನಾನು ಹೇಳಿದ್ರೆ ಈಗ ಯಾರು ಕೇಳ್ತಾರೆ?"

ಅದು ಹೌದು. ಎರಡು ನಿಮಿಷದ ಹಿಂದೆ ಗೊತ್ತಿಲ್ಲ ಎಂದವನ ಮಾತನ್ನು ಯಾರು ಕೇಳುತ್ತಾರೆ? ನಾನು ನನ್ನ ಫೋನಿನಿಂದ ಶೋಧನನಿಗೆ ಕರೆ ಮಾಡಿದೆ. ಬದ್ರುದ್ದೀನ ಹೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿ, ಮೂಡಿಗೆರೆಯವರಿಗೆ ತಿಳಿಸಬೇಕು ಎಂದೆ.

"ಇದು ನಿಮಗೆ ಯಾರು ಹೇಳಿದ್ದು ಶೀನಪ್ಪಣ್ಣ? ಬದ್ರುದ್ದೀನಾಕನಾ?" ಶೋಧನ್ ಕೇಳಿದ.

ಬದ್ರುದ್ದೀನ ನನ್ನ ಎದುರು ಕೂತು ಎರಡೂ ಕೈಯಲ್ಲಿ ಬೇಡ ಬೇಡ ಎಂದು ಸನ್ನೆ ಮಾಡುತ್ತಿದ್ದ.

"ಅಲ್ಲ" ಎಂದೆ. "ನನ್ನ ಪರಿಚಯದ ಡಾಕ್ಟರೊಬ್ಬರು. ವಿಡಿಯೋ ನೋಡಿ ಹೇಳಿದ್ರು."

"ಓ, ಡಾಕ್ಟರರಾ? ಹಾಗಾದ್ರೆ ಈಗಲೇ ಹೇಳ್ತೇನೆ" ಎಂದ ಶೋಧನ್.

ಬದ್ರುದ್ದೀನನಿಗೆ ಜೀವ ಬಂತು. "ಹೇಳ್ತಾನಂತಾ? ಸಾಕು, ಸಾಕು" ಎಂದು ಎದ್ದು, ನನಗೆ ಚಹಾ ಮಾಡಲು ಬೀಫಾತಿಮಾಳಿಗೆ ಹೇಳುತ್ತ ಒಳಗೆ ಹೋದ.